ಎಂದೂ ನಿಜವಾಗದ ‘ಸೊನ್ನೆಗಿಂತ ಕಡಿಮೆ’: ಡ್ರೈವರ್ ಕೋಡ್‌ನ ಎರರ್ ಚೆಕ್ ತಪ್ಪುಗಳಿಗೆ ಯಾವ ಟೂಲ್ ಆರಿಸಿಕೊಳ್ಳಬೇಕು?

ಲಿನಕ್ಸ್ ಕರ್ನೆಲ್ ಡ್ರೈವರ್‌ಗಳಲ್ಲಿ, ಅಂದರೆ ಹಾರ್ಡ್‌ವೇರ್ ನಡೆಸುವ ಕೋಡ್‌ನಲ್ಲಿ, ಒಂದು ಜಾತಿಯ ಬಗ್ ಇದೆ. ಕೋಡ್ ಓದುವಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಫಂಕ್ಷನ್ ಕರೆದಿದ್ದಾರೆ, ಬಂದ ಬೆಲೆಯನ್ನು ವೇರಿಯಬಲ್‌ನಲ್ಲಿ ಇಟ್ಟಿದ್ದಾರೆ, ಅದು ಸೊನ್ನೆಗಿಂತ ಕಡಿಮೆಯೇ ಎಂದು ನೋಡಿದ್ದಾರೆ, ಕಡಿಮೆಯಿದ್ದರೆ ಎರರ್ ಹಿಂದಿರುಗಿಸಿದ್ದಾರೆ. ರಿವ್ಯೂ ಮಾಡುವವರು ಆ ಮೂರು ಸಾಲುಗಳನ್ನು ನಂಬಿ ಮುಂದೆ ಹೋಗುತ್ತಾರೆ. ಆದರೆ ಸ್ವಲ್ಪ ಮೇಲೆ, ಇನ್ನೊಂದು ಪರದೆಯಷ್ಟು ದೂರದಲ್ಲಿ, ಆ ವೇರಿಯಬಲ್ ಅನ್‌ಸೈನ್ಡ್ (ಋಣ ಸಂಖ್ಯೆ ಹಿಡಿಯದ ಟೈಪ್) ಎಂದು ಡಿಕ್ಲೇರ್ ಆಗಿರುತ್ತದೆ. ಅನ್‌ಸೈನ್ಡ್ ಬೆಲೆ ಸೊನ್ನೆಗಿಂತ ಕಡಿಮೆಯಾಗಲು ಸಾಧ್ಯವೇ ಇಲ್ಲ. ಕಂಪೈಲರ್‌ಗೆ ಇದು ಗೊತ್ತು. ಆಪ್ಟಿಮೈಸ್ ಮಾಡುವಾಗ ಅದು ಆ ಚೆಕ್ಕನ್ನು ಸದ್ದಿಲ್ಲದೆ ಕಿತ್ತುಹಾಕುತ್ತದೆ. ಸೋರ್ಸ್‌ನಲ್ಲಿರುವ ಚೆಕ್ ಬೈನರಿಯಲ್ಲಿ ಇರುವುದೇ ಇಲ್ಲ.

ಇಂಥ ತಪ್ಪುಗಳನ್ನು ಹಿಡಿಯಲು ಇಂದು ನಾಲ್ಕೈದು ದಾರಿಗಳಿವೆ: ಕಂಪೈಲರ್‌ನದೇ ವಾರ್ನಿಂಗ್‌ಗಳು, ಮತ್ತು ಕೋಡನ್ನು ಓಡಿಸದೆ ಬರೀ ಓದಿ ತಪ್ಪು ಹುಡುಕುವ ಟೂಲ್‌ಗಳಾದ ಸ್ಪಾರ್ಸ್, ಕಾಕ್ಸಿನೆಲ್, ಸ್ಮ್ಯಾಚ್, ಕವರಿಟಿ. ‘ಎಲ್ಲವನ್ನೂ ಓಡಿಸಿ’ ಎಂದು ಹೇಳುವುದು ಸುಲಭ, ಆದರೆ ಕೆಲಸದ ನಡುವೆ ಅದು ಆಗುವ ಮಾತಲ್ಲ. ನನ್ನ ಅಭಿಪ್ರಾಯ ಇಷ್ಟು: ಟೂಲ್ ಆರಿಸುವ ಮೊದಲು ಈ ತಪ್ಪಿಗೆ ಎರಡು ಮುಖಗಳಿವೆ ಎಂಬುದನ್ನು ಗುರುತಿಸಿಕೊಳ್ಳಬೇಕು. ಮೊದಲ ಮುಖವನ್ನು ಬಹುತೇಕ ಎಲ್ಲ ಟೂಲ್‌ಗಳೂ ಹಿಡಿಯುತ್ತವೆ. ಟೂಲ್‌ಗಳ ನಡುವಿನ ನಿಜವಾದ ವ್ಯತ್ಯಾಸ ಗೊತ್ತಾಗುವುದು ಎರಡನೆಯದರಲ್ಲಿ.

ಮೊದಲ ಮುಖ: ಸತ್ತ ಚೆಕ್

ಪ್ಲಾಟ್‌ಫಾರ್ಮ್_ಗೆಟ್_ಐಆರ್‌ಕ್ಯೂ ಫಂಕ್ಷನ್ ಡ್ರೈವರ್ ಬರೆಯುವವರಿಗೆಲ್ಲ ಪರಿಚಿತ. ಗೆದ್ದರೆ ಇಂಟರಪ್ಟ್ (ಡಿವೈಸ್ ಪ್ರೊಸೆಸರನ್ನು ಕರೆಯುವ ಸಂಕೇತ) ಸಂಖ್ಯೆ, ಸೋತರೆ ಋಣ ಎರರ್ ಕೋಡ್ ಕೊಡುತ್ತದೆ. ಅದರ ರಿಟರ್ನ್ ಟೈಪ್ ಇಂಟ್, ಅಂದರೆ ಋಣವನ್ನೂ ಹಿಡಿಯುವ ಸೈನ್ಡ್ ಟೈಪ್. ಇಂಟರಪ್ಟ್ ಸಂಖ್ಯೆ ಎಂದೂ ಋಣವಾಗಿರುವುದಿಲ್ಲವಲ್ಲ ಎಂದುಕೊಂಡು ಡ್ರೈವರ್ ಬರೆಯುವವರು ತಮ್ಮ ಸ್ಟ್ರಕ್ಚರ್‌ನಲ್ಲಿ ಅದಕ್ಕೆ ಅನ್‌ಸೈನ್ಡ್ ಇಂಟ್ ಇಡುತ್ತಾರೆ. ಯೋಚನೆಯಲ್ಲಿ ತಪ್ಪಿಲ್ಲ. ಆದರೆ ಫಂಕ್ಷನ್‌ನ ಫಲಿತಾಂಶವನ್ನು ನೇರವಾಗಿ ಆ ಫೀಲ್ಡ್‌ಗೇ ಹಾಕಿ, ನಂತರ ಅದನ್ನೇ ಸೊನ್ನೆಯ ಜೊತೆ ಹೋಲಿಸಿದಾಗ ಕೆಡುತ್ತದೆ.

ಇಂಟರಪ್ಟ್ ಕಂಟ್ರೋಲರ್ ಇನ್ನೂ ಸಿದ್ಧವಾಗಿಲ್ಲ ಎಂದಿಟ್ಟುಕೊಳ್ಳಿ. ಆಗ ಬರುವುದು -517, ಅಂದರೆ ‘ಈಗ ಬೇಡ, ಸ್ವಲ್ಪ ತಡೆದು ಮತ್ತೆ ಪ್ರೋಬ್ ಮಾಡು (ಡಿವೈಸನ್ನು ಡ್ರೈವರ್‌ಗೆ ಜೋಡಿಸು)’ ಎಂಬ ಸೂಚನೆ. 32 ಬಿಟ್ ಅನ್‌ಸೈನ್ಡ್‌ನಲ್ಲಿ ಅದು 4294966779 ಆಗುತ್ತದೆ. ಚೆಕ್ ಇಲ್ಲವಾದ್ದರಿಂದ ಡ್ರೈವರ್ ಮುಂದುವರಿದು ರಿಕ್ವೆಸ್ಟ್_ಐಆರ್‌ಕ್ಯೂಗೆ ಈ ಸಂಖ್ಯೆಯನ್ನೇ ಕೊಡುತ್ತದೆ. ಅಂಥ ಇಂಟರಪ್ಟ್ ಎಲ್ಲೂ ಇಲ್ಲ, ಹಾಗಾಗಿ -22 ವಾಪಸ್ ಬರುತ್ತದೆ. ಪ್ರೋಬ್ ಸೋಲುತ್ತದೆ. ‘ಹೇಗೂ ಸೋತಿತಲ್ಲ, ನಷ್ಟವೇನು?’ ಎಂದು ಕೇಳಬಹುದು. ನಷ್ಟ ದೊಡ್ಡದೇ ಇದೆ. -517 ಬಂದಿದ್ದರೆ ಕರ್ನೆಲ್ ಈ ಡಿವೈಸನ್ನು ಕಾಯುವ ಪಟ್ಟಿಯಲ್ಲಿಟ್ಟು ಮತ್ತೆ ಪ್ರಯತ್ನಿಸುತ್ತಿತ್ತು. -22 ಬಂದರೆ ಅಲ್ಲಿಗೇ ಕೈಬಿಡುತ್ತದೆ. ಫಲಿತಾಂಶ ಏನೆಂದರೆ, ಬೂಟ್ ಆಗುವ ಕ್ರಮ ಸ್ವಲ್ಪ ಬದಲಾದ ದಿನ ಮಾತ್ರ ಡಿವೈಸ್ ಕಾಣೆಯಾಗುತ್ತದೆ. ಬೋರ್ಡ್ ಮುಂದೆ ಕುಳಿತು ಇದನ್ನು ಹುಡುಕುವವರು ಹಾರ್ಡ್‌ವೇರ್ ಮೇಲೆ ಅನುಮಾನ ಪಡುತ್ತಾರೆ, ಪವರ್ ಸೀಕ್ವೆನ್ಸ್ ಮೇಲೆ ಅನುಮಾನ ಪಡುತ್ತಾರೆ. ವೇರಿಯಬಲ್‌ನ ಟೈಪ್ ಮೇಲೆ ಅನುಮಾನ ಬರುವುದು ಕೊನೆಗೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದೇ 32 ಬಿಟ್ ವೇರಿಯಬಲನ್ನು -517ಕ್ಕೆ ಸಮವೇ ಎಂದು ನೇರವಾಗಿ ಹೋಲಿಸಿದರೆ ಉತ್ತರ ಸರಿಯಾಗಿಯೇ ಬರುತ್ತದೆ, ಏಕೆಂದರೆ ಎರಡೂ ಕಡೆ ಒಂದೇ ಅನ್‌ಸೈನ್ಡ್ ಬೆಲೆಯಾಗಿ ಬದಲಾಗುತ್ತದೆ. ಹಾಗಾಗಿ ಒಂದೇ ಫಂಕ್ಷನ್‌ನಲ್ಲಿ ಒಂದು ಚೆಕ್ ಬದುಕಿದ್ದು, ಪಕ್ಕದ ಚೆಕ್ ಸತ್ತಿರಬಹುದು. 16 ಬಿಟ್ ಅಥವಾ 8 ಬಿಟ್ ಆದರೆ ಸಮ ಎಂಬ ಹೋಲಿಕೆಯೂ ಸುಳ್ಳಾಗುತ್ತದೆ.

8 ಬಿಟ್‌ನ ಕಥೆ ಇನ್ನೂ ಕೆಟ್ಟದ್ದು. ಐ2ಸಿ ಸೆನ್ಸರ್‌ನಿಂದ ಒಂದು ಬೈಟ್ ಓದುವ ಐ2ಸಿ_ಎಸ್‌ಎಂಬಸ್_ರೀಡ್_ಬೈಟ್_ಡೇಟಾ 32 ಬಿಟ್ ಸೈನ್ಡ್ ಬೆಲೆ ಕೊಡುತ್ತದೆ. ಓದುವುದು ಒಂದೇ ಬೈಟ್ ತಾನೇ ಎಂದು ಅದನ್ನು ಯು8ನಲ್ಲಿ (8 ಬಿಟ್ ಅನ್‌ಸೈನ್ಡ್ ಟೈಪ್) ಇಟ್ಟರೆ, ಚಿಪ್ ಉತ್ತರಿಸದೆ -6 ಬಂದಾಗ ವೇರಿಯಬಲ್‌ನಲ್ಲಿ ಉಳಿಯುವುದು 250. ಅದು ಎರರ್ ಥರ ಕಾಣುವುದೂ ಇಲ್ಲ, ಅಪ್ಪಟ ರೀಡಿಂಗ್ ಥರ ಕಾಣುತ್ತದೆ. ಮೇಲಿನ ಪದರದ ಪ್ರೋಗ್ರಾಂ ಅದನ್ನು ನಂಬಿ ಫ್ಯಾನ್ ವೇಗ ಹೆಚ್ಚಿಸಬಹುದು, ಸಿಸ್ಟಮನ್ನೇ ಆಫ್ ಮಾಡಬಹುದು.

ಇದೇ ಗುಂಪಿಗೆ ಸೇರುವ ಇನ್ನೆರಡು: ಎರರ್ ಬಂದಾಗ ಹಿಂದಕ್ಕೆ ಬಿಚ್ಚುತ್ತಾ ಬರುವ ಲೂಪ್‌ನಲ್ಲಿ ಎಣಿಕೆಯ ವೇರಿಯಬಲ್ ಅನ್‌ಸೈನ್ಡ್ ಆಗಿದ್ದು, ‘ಸೊನ್ನೆ ಅಥವಾ ಹೆಚ್ಚು ಇರುವವರೆಗೆ’ ಎಂಬ ಷರತ್ತು ಎಂದೂ ಮುಗಿಯದಿರುವುದು, ಮತ್ತು ಬರೀ ಚಾರ್ ಬಳಸುವುದು. ಚಾರ್ ಎಂಬುದು ಎಕ್ಸ್86ನಲ್ಲಿ ಸೈನ್ಡ್, ಆರ್ಮ್‌ನಲ್ಲಿ ಅನ್‌ಸೈನ್ಡ್ ಆಗಿತ್ತು. 2023ರಲ್ಲಿ ಬಂದ 6.2 ಕರ್ನೆಲ್‌ನಿಂದ ಎಲ್ಲ ಕಡೆ ಅನ್‌ಸೈನ್ಡ್. ಹಳೆಯ ಡ್ರೈವರನ್ನು ಹೊಸ ಕರ್ನೆಲ್‌ಗೆ ತರುವಾಗ ಚಾರ್‌ನಲ್ಲಿ ಎರರ್ ಕೋಡ್ ಇಟ್ಟಿರುವ ಜಾಗಗಳನ್ನು ಹುಡುಕಲೇಬೇಕು.

ಎರಡನೆಯ ಮುಖ: ಬದುಕಿದ್ದೂ ಕಣ್ತಪ್ಪಿಸುವ ಚೆಕ್

ಇಲ್ಲಿ ವೇರಿಯಬಲ್ ಸರಿಯಾಗಿಯೇ ಇಂಟ್ ಆಗಿರುತ್ತದೆ. ಯುಎಸ್‌ಬಿ ಡ್ರೈವರ್ ಒಂದರಲ್ಲಿ ಯುಎಸ್‌ಬಿ_ಕಂಟ್ರೋಲ್_ಎಂಎಸ್‌ಜಿ ಕರೆದು, ಬಂದ ಬೈಟ್‌ಗಳ ಸಂಖ್ಯೆ ಸೈಜ್‌ಆಫ್ ಬಫರ್‌ಗಿಂತ (ಬಫರ್‌ನ ಅಳತೆ, ಬೈಟ್‌ಗಳಲ್ಲಿ) ಕಡಿಮೆಯಿದ್ದರೆ ಎರರ್ ಎಂದು ಬರೆದಿರುತ್ತಾರೆ. ಋಣ ಸಂಖ್ಯೆ ಯಾವ ಸೈಜ್‌ಗಿಂತಲೂ ಕಡಿಮೆಯೇ ಅಲ್ಲವೇ, ಹಾಗಾಗಿ ಒಂದೇ ಚೆಕ್‌ನಲ್ಲಿ ಎರಡೂ ಕೆಲಸ ಆಯಿತು ಎಂಬ ಲೆಕ್ಕ. ಗಣಿತದಲ್ಲಿ ಅದು ಸರಿ, ಸಿ ಭಾಷೆಯಲ್ಲಿ ತಪ್ಪು. ಸೈಜ್‌ಆಫ್ ಕೊಡುವುದು ಅನ್‌ಸೈನ್ಡ್ ಬೆಲೆ, 64 ಬಿಟ್ ಯಂತ್ರದಲ್ಲಿ 64 ಬಿಟ್ ಅಗಲದ್ದು. ಹೋಲಿಸುವ ಮುನ್ನ ಇಂಟ್ ಕೂಡ ಅದೇ ಟೈಪ್‌ಗೆ ಬದಲಾಗುತ್ತದೆ. ಟೈಮ್‌ಔಟ್ ಆಗಿ -110 ಬಂದಿದ್ದರೆ ಅದು 18446744073709551506 ಆಗಿ ನಿಲ್ಲುತ್ತದೆ. ಬಫರ್ 8 ಬೈಟ್‌ನದು ಎಂದಿಟ್ಟುಕೊಳ್ಳಿ, ಅದು 8ಕ್ಕಿಂತ ಕಡಿಮೆಯೇ? ಅಲ್ಲ. ಚೆಕ್ ದಾಟಿತು. ಡಿವೈಸ್ ಒಂದು ಬೈಟನ್ನೂ ಕೊಡದಿದ್ದರೂ ಡ್ರೈವರ್ ಬಫರ್ ತುಂಬಿದೆ ಎಂದು ನಂಬಿ ಅದರಲ್ಲಿರುವ ಹಳೆಯ ಕಸವನ್ನು ಓದುತ್ತದೆ.

ಈ ಚೆಕ್ ಸತ್ತಿಲ್ಲ ಎಂಬುದನ್ನು ಗಮನಿಸಿ. ಬೈಟ್‌ಗಳು ಕಡಿಮೆ ಬಂದಾಗ ಅದು ಸರಿಯಾಗಿ ಕೆಲಸ ಮಾಡುತ್ತದೆ. ಪೂರ್ತಿ ಸೋತಾಗ ಮಾತ್ರ ಬಿಟ್ಟುಕೊಡುತ್ತದೆ. ಹಾಗಾಗಿ ‘ಈ ಷರತ್ತು ಎಂದೂ ನಿಜವಾಗದು’ ಎಂದು ಹುಡುಕುವ ಟೂಲ್‌ಗಳಿಗೆ ಇದು ಸಿಗುವುದಿಲ್ಲ. ಫಂಕ್ಷನ್ ಋಣ ಬೆಲೆ ಕೊಡಬಲ್ಲದು ಎಂಬ ತಿಳಿವಳಿಕೆ ಇದ್ದರೆ ಮಾತ್ರ ಹೇಳಲು ಸಾಧ್ಯ.

ಕಂಪೈಲರ್: ಪಕ್ಕದಲ್ಲೇ ಇದೆ, ಆದರೆ ಕೂಗಾಟ ಜಾಸ್ತಿ

ಜಿಸಿಸಿ ಕಂಪೈಲರ್‌ನ ಟೈಪ್-ಲಿಮಿಟ್ಸ್ ವಾರ್ನಿಂಗ್ ಮೊದಲ ಮುಖದ ತಪ್ಪುಗಳನ್ನು ನೇರವಾಗಿ ಹಿಡಿಯುತ್ತದೆ. ಇನ್ನೊಂದು ಕಂಪೈಲರ್ ಕ್ಲ್ಯಾಂಗ್‌ನಲ್ಲೂ ಇದಕ್ಕೆ ಸಮನಾದ ವಾರ್ನಿಂಗ್ ಇದೆ. ಆದರೆ ಕರ್ನೆಲ್‌ನ ಸಾಮಾನ್ಯ ಬಿಲ್ಡ್‌ನಲ್ಲಿ ಇದು ಮುಚ್ಚಿರುತ್ತದೆ. ಬಿಲ್ಡ್ ಮಾಡುವ ಮೇಕ್ ಕಮಾಂಡ್‌ಗೆ ಡಬ್ಲ್ಯೂ=1 (ವಾರ್ನಿಂಗ್ ಹಂತ) ಕೊಟ್ಟರೂ ಬರುವುದಿಲ್ಲ, ಡಬ್ಲ್ಯೂ=2 ಕೊಡಬೇಕು. ಹಲವರು ಡಬ್ಲ್ಯೂ=1 ಓಡಿಸಿ, ಏನೂ ಬರಲಿಲ್ಲ ಎಂದು ನೆಮ್ಮದಿಯಾಗಿ ಇರುವುದು ಇಲ್ಲೇ.

ಮುಚ್ಚಿಟ್ಟಿರುವುದಕ್ಕೆ ಕಾರಣವಿದೆ. ‘ಸೊನ್ನೆಗಿಂತ ಕಡಿಮೆ ಅಥವಾ 15ಕ್ಕಿಂತ ಹೆಚ್ಚು’ ಎಂದು ಮಿತಿ ನೋಡುವ ಸಾಲು ಒಳ್ಳೆಯ ಕೋಡ್. ವೇರಿಯಬಲ್ ಅನ್‌ಸೈನ್ಡ್ ಆದ್ದರಿಂದ ಮೊದಲರ್ಧ ವ್ಯರ್ಥವಾದರೂ ಹಾನಿಯಿಲ್ಲ, ಓದುವವರಿಗೆ ಉದ್ದೇಶ ಸ್ಪಷ್ಟವಾಗುತ್ತದೆ. ಕಂಪೈಲರ್ ಇಂಥದ್ದಕ್ಕೂ ಅರಚುತ್ತದೆ. ಹೆಡರ್ ಫೈಲ್‌ಗಳ ಮ್ಯಾಕ್ರೋಗಳಿಂದ ಬರುವ ಸದ್ದು ಬೇರೆ. ಇಡೀ ಟ್ರೀಗೆ (ಕರ್ನೆಲ್‌ನ ಪೂರ್ತಿ ಸೋರ್ಸ್‌ಗೆ) ಡಬ್ಲ್ಯೂ=2 ಹಾಕಿದರೆ ನಿಜವಾದ ತಪ್ಪು ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ.

ಎರಡನೆಯ ಮುಖಕ್ಕೂ ಕಂಪೈಲರ್‌ನಲ್ಲಿ ಒಂದು ವಾರ್ನಿಂಗ್ ಇದೆ: ಸೈನ್-ಕಂಪೇರ್. ಕರ್ನೆಲ್‌ನಲ್ಲಿ ಅದು ಡಬ್ಲ್ಯೂ=3ರ ಹಂತದಲ್ಲಿದೆ. ಸೈನ್ಡ್ ಮತ್ತು ಅನ್‌ಸೈನ್ಡ್ ಎಲ್ಲಿ ಎದುರಾದರೂ ಅದು ಹೇಳುತ್ತದೆ; ಎಣಿಕೆಯ ಇಂಟ್ ವೇರಿಯಬಲನ್ನು ಅರೇ ಸೈಜ್ ಜೊತೆ ಹೋಲಿಸುವ ಪ್ರತಿ ಲೂಪ್‌ಗೂ ಹೇಳುತ್ತದೆ. ನೂರು ನಿರಪಾಯ ಸಾಲುಗಳ ನಡುವೆ ಒಂದು ಅಪಾಯದ ಸಾಲು ಇದ್ದರೆ, ಯಾವುದು ಯಾವುದೆಂದು ಅದಕ್ಕೆ ತಿಳಿಯದು. ಬೆಲೆ ಎಲ್ಲಿಂದ ಬಂತು ಎಂಬುದು ಅದರ ಲೆಕ್ಕದಲ್ಲೇ ಇಲ್ಲ.

ಆದರೂ ನಿಮ್ಮ ಕೆಲಸ ಒಂದೇ ಡ್ರೈವರ್ ಆಗಿದ್ದರೆ ಇಲ್ಲಿಂದಲೇ ಶುರು ಮಾಡಿ. ನಿಮ್ಮ ಡೈರೆಕ್ಟರಿಯನ್ನಷ್ಟೇ ಡಬ್ಲ್ಯೂ=2ರಲ್ಲಿ ಬಿಲ್ಡ್ ಮಾಡಿ, ಬಂದ ಸಂದೇಶಗಳಲ್ಲಿ ನಿಮ್ಮ ಫೈಲ್ ಹೆಸರಿರುವ ಸಾಲುಗಳನ್ನು ಮಾತ್ರ ಓದಿ. ಹೊಸದಾಗಿ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಒಂದು ಲೋಟ ಕಾಫಿ ಮುಗಿಯುವುದರೊಳಗೆ ಆಗುವ ಕೆಲಸ.

ಸ್ಪಾರ್ಸ್ ಬಗ್ಗೆ ಎರಡು ಮಾತು

ಲೈನಸ್ ಟೋರ್ವಾಲ್ಡ್ಸ್ 2003ರಲ್ಲಿ ಶುರುಮಾಡಿದ ಸ್ಪಾರ್ಸ್, ಯೂಸರ್ ಪಾಯಿಂಟರ್ ಮತ್ತು ಕರ್ನೆಲ್ ಪಾಯಿಂಟರ್ ಬೆರೆತರೆ, ಬಿಗ್ ಎಂಡಿಯನ್ ಬೆಲೆಯನ್ನು ಹಾಗೇ ಬಳಸಿದರೆ ಹಿಡಿಯುವುದರಲ್ಲಿ ಗಟ್ಟಿ. ಮೇಕ್‌ಗೆ ಸಿ=1 ಕೊಟ್ಟರೆ ಹೊಸದಾಗಿ ಕಂಪೈಲ್ ಆಗುವ ಫೈಲ್‌ಗಳಿಗೆ, ಸಿ=2 ಕೊಟ್ಟರೆ ಎಲ್ಲ ಫೈಲ್‌ಗಳಿಗೆ ಓಡುತ್ತದೆ. ಆದರೆ ಇಲ್ಲಿ ಮಾತಾಡುತ್ತಿರುವ ತಪ್ಪಿಗೆ ಅದು ಸರಿಯಾದ ಆಯ್ಕೆ ಅಲ್ಲ. ಸ್ಪಾರ್ಸ್ ಶುದ್ಧವಾಗಿ ಮುಗಿಯಿತೆಂದರೆ ಎರರ್ ಚೆಕ್‌ಗಳೂ ಸರಿ ಇವೆ ಎಂದು ಅರ್ಥವಲ್ಲ.

ಕಾಕ್ಸಿನೆಲ್: ಇಡೀ ಟ್ರೀಯನ್ನು ಒಮ್ಮೆಲೇ ಜಾಲಾಡಲು

ಫ್ರಾನ್ಸ್‌ನ ಇನ್ರಿಯಾ ಸಂಸ್ಥೆಯಲ್ಲಿ ಜೂಲಿಯಾ ಲಾಲ್ ಮತ್ತು ಸಂಗಡಿಗರು ಬೆಳೆಸಿದ ಟೂಲ್ ಇದು. ‘ಈ ಆಕಾರದ ಕೋಡ್ ಎಲ್ಲಿದೆ ಹುಡುಕು, ಬೇಕಾದರೆ ಹೀಗೆ ಬದಲಿಸು’ ಎಂದು ಸೆಮ್ಯಾಂಟಿಕ್ ಪ್ಯಾಚ್ ರೂಪದಲ್ಲಿ ಬರೆದುಕೊಟ್ಟರೆ ಹುಡುಕಿಕೊಡುತ್ತದೆ. ನಮ್ಮ ವಿಷಯಕ್ಕೇ ಬರೆದ ಒಂದು ಸ್ಕ್ರಿಪ್ಟ್ ಕರ್ನೆಲ್ ಟ್ರೀಯ ಒಳಗೇ ಇದೆ. ಸ್ಕ್ರಿಪ್ಟ್ಸ್ ಡೈರೆಕ್ಟರಿಯ ಕಾಕ್ಸಿನೆಲ್ ವಿಭಾಗದಲ್ಲಿ, ಟೆಸ್ಟ್ಸ್ ಅಡಿಯಲ್ಲಿ, ಅನ್‌ಸೈನ್ಡ್_ಲೆಸರ್_ದ್ಯಾನ್_ಜೀರೋ ಎಂಬ ಹೆಸರಿನ ಫೈಲ್. ಕಾಕ್ಸಿಚೆಕ್ ಎಂಬ ಮೇಕ್ ಟಾರ್ಗೆಟ್‌ಗೆ ರಿಪೋರ್ಟ್ ಮೋಡ್ ಕೊಟ್ಟು, ಈ ಫೈಲನ್ನೂ ನಿಮ್ಮ ಡೈರೆಕ್ಟರಿಯನ್ನೂ ತೋರಿಸಿದರೆ ಸಾಕು.

ಈ ಸ್ಕ್ರಿಪ್ಟ್‌ನ ಜಾಣತನ ನನಗೆ ಬಹಳ ಇಷ್ಟ. ‘ಸೊನ್ನೆ ಅಥವಾ ಕಡಿಮೆ’, ‘ಸೊನ್ನೆಗಿಂತ ಹೆಚ್ಚು’ ಎಂಬ ಹೋಲಿಕೆಗಳಲ್ಲಿ ವೇರಿಯಬಲ್‌ಗೆ ಸೈನ್ಡ್ ಫಂಕ್ಷನ್‌ನ ಫಲಿತಾಂಶ ಬಂದಿರಬೇಕು ಎಂದು ಅದು ಕೇಳುತ್ತದೆ, ಮಿತಿ ನೋಡುವ ಸಾಲುಗಳನ್ನು ಬಿಟ್ಟುಬಿಡುತ್ತದೆ. ಇವೆರಡರಿಂದಲೇ ಕಂಪೈಲರ್‌ನ ಗದ್ದಲ ಬಹುಪಾಲು ಅಡಗುತ್ತದೆ. ಉಳಿದ ಪಟ್ಟಿ ಚಿಕ್ಕದು, ಅದರಲ್ಲಿ ನಿಜವಾದ ತಪ್ಪುಗಳ ಪಾಲು ದೊಡ್ಡದು.

ಕಾಕ್ಸಿನೆಲ್‌ಗೆ ಇನ್ನೊಂದು ಬಲವಿದೆ, ಜನ ಇದನ್ನು ಮರೆಯುತ್ತಾರೆ. ಅದು ಸೋರ್ಸನ್ನು ಪ್ರೀಪ್ರೊಸೆಸ್ ಮಾಡದೆ (ಮ್ಯಾಕ್ರೋ, ಇಫ್‌ಡೆಫ್‌ಗಳನ್ನು ಬಿಡಿಸದೆ) ಓದುತ್ತದೆ. ಕಂಪೈಲರ್ ನೋಡುವುದು ನಿಮ್ಮ ಕಾನ್ಫಿಗ್‌ನಲ್ಲಿ ಆನ್ ಆಗಿರುವ ಕೋಡನ್ನು ಮಾತ್ರ. ನಿಮ್ಮ ಬಳಿ ಇಲ್ಲದ ಆರ್ಕಿಟೆಕ್ಚರ್‌ನ ಡ್ರೈವರ್, ಇಫ್‌ಡೆಫ್ ಒಳಗೆ ಅವಿತ ಭಾಗ, ಇವೆಲ್ಲವನ್ನೂ ಕಾಕ್ಸಿನೆಲ್ ಕಾನ್ಫಿಗ್ ಇಲ್ಲದೆಯೇ ನೋಡಬಲ್ಲದು. ದೌರ್ಬಲ್ಯವೂ ಅಲ್ಲೇ ಹುಟ್ಟುತ್ತದೆ: ಬೇರೆ ಹೆಡರ್‌ನಲ್ಲಿ ಟೈಪ್‌ಡೆಫ್ ಆಗಿರುವ ಟೈಪ್ ಸೈನ್ಡೋ ಅನ್‌ಸೈನ್ಡೋ ಎಂದು ಅದಕ್ಕೆ ತಿಳಿಯಬೇಕಾದರೆ ಆ ಹೆಡರ್‌ಗಳನ್ನೂ ಓದಿಸಬೇಕು, ಆಗ ನಿಧಾನವಾಗುತ್ತದೆ.

ಎರಡನೆಯ ಮುಖಕ್ಕೆ ನೀವೇ ಒಂದು ನಿಯಮ ಬರೆಯಬಹುದು: ಇಂಟ್ ಟೈಪ್‌ನ ವೇರಿಯಬಲ್, ಅದಕ್ಕೆ ಫಂಕ್ಷನ್ ಕರೆಯ ಫಲಿತಾಂಶ, ನಂತರ ಸೈಜ್‌ಆಫ್ ಜೊತೆ ‘ಕಡಿಮೆಯೇ’ ಎಂಬ ಹೋಲಿಕೆ. ಕೆಲವೇ ಸಾಲು ಸಾಕು. ಆ ಫಂಕ್ಷನ್ ನಿಜವಾಗಿ ಋಣ ಬೆಲೆ ಕೊಡುತ್ತದೆಯೇ ಎಂಬುದನ್ನು ಮಾತ್ರ ನೀವೇ ಹೋಗಿ ನೋಡಬೇಕು.

ಸ್ಮ್ಯಾಚ್: ಎರಡೂ ಮುಖ ನೋಡಬಲ್ಲದ್ದು

ಡ್ಯಾನ್ ಕಾರ್ಪೆಂಟರ್ ಕಟ್ಟಿದ ಸ್ಮ್ಯಾಚ್, ಸ್ಪಾರ್ಸ್‌ನ ಪಾರ್ಸರ್ ಮೇಲೆ ನಿಂತಿದೆ. ವೇರಿಯಬಲ್ ಯಾವ ಸಾಲಿನಲ್ಲಿ ಯಾವ ಬೆಲೆಗಳನ್ನು ತಾಳಬಲ್ಲದು ಎಂದು ಅದು ಲೆಕ್ಕವಿಡುತ್ತಾ ಹೋಗುತ್ತದೆ. ಮೊದಲ ಮುಖಕ್ಕೆ ‘ಅನ್‌ಸೈನ್ಡ್ ವೇರಿಯಬಲ್ ಎಂದೂ ಸೊನ್ನೆಗಿಂತ ಕಡಿಮೆ ಆಗದು’ ಎಂಬ ಸಂದೇಶ ಕೊಡುತ್ತದೆ. ಎರಡನೆಯದಕ್ಕೆ ‘ಎರರ್ ಕೋಡ್ ಧನ ಸಂಖ್ಯೆಯಾಗಿ ಬದಲಾಗುತ್ತಿದೆ’ ಎಂದು ಹೇಳುತ್ತದೆ. ನನ್ನ ಆಯ್ಕೆ ಸ್ಮ್ಯಾಚ್ ಆಗಿರುವುದಕ್ಕೆ ಈ ಎರಡನೆಯ ಸಂದೇಶವೇ ಕಾರಣ. ಸೈನ್-ಕಂಪೇರ್ ನೂರು ಸಾಲು ತೋರಿಸುವ ಕಡೆ ಇದು ಋಣ ಬೆಲೆ ನಿಜಕ್ಕೂ ಬರಬಹುದಾದ ಸಾಲನ್ನೇ ತೋರಿಸಲು ನೋಡುತ್ತದೆ. ಅನ್‌ಸೈನ್ಡ್ ಟೈಪ್ ಹಿಂದಿರುಗಿಸುವ ಫಂಕ್ಷನ್‌ನಿಂದ -22 ವಾಪಸ್ ಕೊಟ್ಟರೂ ಎಚ್ಚರಿಸುತ್ತದೆ. ಬೂಲ್ ಫಂಕ್ಷನ್‌ನಿಂದ ಎರರ್ ಕೋಡ್ ಕೊಟ್ಟರೆ ಅದು ಸುಮ್ಮನೆ ‘ನಿಜ’ ಆಗಿಬಿಡುವುದನ್ನು ಯೋಚಿಸಿದರೆ ಈ ಎಚ್ಚರಿಕೆಯ ಬೆಲೆ ಗೊತ್ತಾಗುತ್ತದೆ.

ಇದಕ್ಕೆಲ್ಲ ಒಂದು ತೆರಿಗೆ ಇದೆ. ಬೇರೆ ಫೈಲ್‌ನ ಫಂಕ್ಷನ್ ಏನು ಕೊಡುತ್ತದೆ ಎಂದು ತಿಳಿಯಲು ಸ್ಮ್ಯಾಚ್‌ಗೆ ಡೇಟಾಬೇಸ್ ಬೇಕು. ಅದನ್ನು ಕಟ್ಟಲು ಇಡೀ ಕರ್ನೆಲ್ ಮೇಲೆ ಓಡಿಸಬೇಕು, ಗಂಟೆಗಟ್ಟಲೆ ಹಿಡಿಯುತ್ತದೆ. ಒಮ್ಮೆ ಕಟ್ಟಿದರೆ ಕರೆಗಳ ಸರಪಳಿಯಲ್ಲಿ ಒಂದು ಹಂತದ ತಿಳಿವಳಿಕೆ ಸಿಗುತ್ತದೆ. ಮತ್ತೆ ಮತ್ತೆ ಕಟ್ಟಿದಂತೆ ಆಳ ಹೆಚ್ಚುತ್ತದೆ. ಡೇಟಾಬೇಸ್ ಇಲ್ಲದೆಯೂ ಮೇಕ್‌ನ ಚೆಕ್ ವೇರಿಯಬಲ್‌ಗೆ ಸ್ಮ್ಯಾಚ್‌ನ ದಾರಿ ಮತ್ತು ಕರ್ನೆಲ್ ಪ್ರಾಜೆಕ್ಟ್ ಎಂಬ ಆಯ್ಕೆ ಕೊಟ್ಟು, ಸಿ=1 ಜೊತೆ ಓಡಿಸಬಹುದು. ಮೊದಲ ಮುಖದ ತಪ್ಪುಗಳಿಗೆ ಅಷ್ಟು ಸಾಕು. ರಾತ್ರಿ ಯಂತ್ರ ಖಾಲಿ ಇರುವಾಗ ಡೇಟಾಬೇಸ್ ಕಟ್ಟಲು ಬಿಟ್ಟು ಹೋಗುವುದು ಒಳ್ಳೆಯ ರೂಢಿ.

ಕವರಿಟಿ, ರೋಬೋಟ್, ಮತ್ತು ಹೊರಗಿನ ಡ್ರೈವರ್‌ಗಳು

ಕವರಿಟಿ ವಾಣಿಜ್ಯ ಟೂಲ್. ಓಪನ್ ಸೋರ್ಸ್ ಯೋಜನೆಗಳಿಗೆ ಉಚಿತ ಸ್ಕ್ಯಾನ್ ಸೇವೆ ಇದೆ, ಲಿನಕ್ಸ್ ಕರ್ನೆಲ್ ಅದರಲ್ಲಿ ಸೇರಿದೆ. ಅನ್‌ಸೈನ್ಡನ್ನು ಸೊನ್ನೆಗೆ ಹೋಲಿಸಿದ ಸಾಲುಗಳನ್ನು ಅದು ‘ಪರಿಣಾಮವಿಲ್ಲದ ಕೋಡ್’ ಎಂಬ ಗುಂಪಿನಲ್ಲಿ ತೋರಿಸುತ್ತದೆ. ಕಂಪನಿಯಲ್ಲಿ ಲೈಸೆನ್ಸ್ ಇದ್ದರೆ ಬಳಸಿ. ಇದೊಂದೇ ಬಗೆಯ ತಪ್ಪಿಗಾಗಿ ಕೊಳ್ಳಬೇಕಿಲ್ಲ.

ಅಪ್‌ಸ್ಟ್ರೀಮ್ (ಎಲ್ಲರಿಗೂ ತೆರೆದ ಮೂಲ) ಕರ್ನೆಲ್‌ಗೆ ಪ್ಯಾಚ್ ಕಳಿಸುವವರಿಗೆ ಒಂದು ಅನುಕೂಲವಿದೆ. ಇಂಟೆಲ್ ನಡೆಸುವ ಕರ್ನೆಲ್ ಟೆಸ್ಟ್ ರೋಬೋಟ್ ಹಲವು ಕಾನ್ಫಿಗ್‌ಗಳಲ್ಲಿ ಬಿಲ್ಡ್ ಮಾಡಿ, ಸ್ಪಾರ್ಸ್, ಸ್ಮ್ಯಾಚ್, ಕಾಕ್ಸಿನೆಲ್‌ಗಳನ್ನೂ ಓಡಿಸಿ ತಪ್ಪಿದ್ದರೆ ಮೇಲ್ ಕಳಿಸುತ್ತದೆ. ಆದರೆ ಬೆಂಗಳೂರಿನ ಚಿಪ್ ಕಂಪನಿಗಳಲ್ಲೂ ಬೋರ್ಡ್ ತಯಾರಕರಲ್ಲೂ ಕೆಲಸ ಮಾಡುವ ಎಷ್ಟೋ ಜನರ ಡ್ರೈವರ್‌ಗಳು ಕಂಪನಿಯ ಒಳಗಿನ ಟ್ರೀಯಲ್ಲೇ ಇರುತ್ತವೆ. ಅವುಗಳನ್ನು ಯಾವ ರೋಬೋಟೂ ನೋಡುವುದಿಲ್ಲ. ನಿಮ್ಮದು ಆ ಪರಿಸ್ಥಿತಿಯಾದರೆ ಕಂಪೈಲರ್ ಒಂದನ್ನೇ ನೆಚ್ಚಬೇಡಿ. ಸ್ಮ್ಯಾಚ್ ಡೇಟಾಬೇಸನ್ನು ನಿಮ್ಮದೇ ಟ್ರೀಯಿಂದ ಕಟ್ಟಿ. ಬೇರೆ ಆವೃತ್ತಿಯದನ್ನು ತಂದು ಬಳಸಿದರೆ ಫಂಕ್ಷನ್‌ಗಳ ನಡವಳಿಕೆ ಹೊಂದಿಕೆಯಾಗುವುದಿಲ್ಲ.

ಹಾಗಾದರೆ ಆಯ್ಕೆ ಹೀಗೆ: ಒಂದು ಡ್ರೈವರ್, ಕಡಿಮೆ ಸಮಯ ಎಂದರೆ ಡಬ್ಲ್ಯೂ=2 ಮತ್ತು ಡೇಟಾಬೇಸ್ ಇಲ್ಲದ ಸ್ಮ್ಯಾಚ್. ಒಂದು ಸಬ್‌ಸಿಸ್ಟಮ್ ನೋಡಿಕೊಳ್ಳುವವರಾದರೆ ಡೇಟಾಬೇಸ್ ಸಹಿತ ಸ್ಮ್ಯಾಚ್. ಒಂದು ಎಪಿಐ (ಡ್ರೈವರ್‌ಗಳು ಕರೆಯುವ ಕರ್ನೆಲ್ ಫಂಕ್ಷನ್) ಬಳಸುವ ಎಲ್ಲ ಡ್ರೈವರ್‌ಗಳಲ್ಲಿ ಒಂದೇ ತಪ್ಪು ಹುಡುಕಬೇಕಾದರೆ, ಅದರಲ್ಲೂ ನೀವು ಬಿಲ್ಡ್ ಮಾಡಲಾಗದ ಆರ್ಕಿಟೆಕ್ಚರ್‌ಗಳಲ್ಲಿ, ಕಾಕ್ಸಿನೆಲ್.

ಕೆಲವೊಮ್ಮೆ ಎಪಿಐಯನ್ನೇ ಬದಲಿಸುವುದು ಮೇಲು

ಆಫ್_ಗೆಟ್_ಫೈ_ಮೋಡ್ ಒಳ್ಳೆಯ ಉದಾಹರಣೆ. ಅದು ಗೆದ್ದರೆ ಒಂದು ಈನಮ್ (ಹೆಸರಿಟ್ಟ ಬೆಲೆಗಳ ಪಟ್ಟಿ) ಬೆಲೆ, ಸೋತರೆ ಋಣ ಎರರ್ ಕೊಡುತ್ತಿತ್ತು. ನೆಟ್‌ವರ್ಕ್ ಡ್ರೈವರ್‌ಗಳು ಸಹಜವಾಗಿಯೇ ಫಲಿತಾಂಶವನ್ನು ಆ ಈನಮ್ ಟೈಪ್‌ನಲ್ಲಿ ಇಡುತ್ತಿದ್ದವು. ಋಣ ಸದಸ್ಯರಿಲ್ಲದ ಈನಮ್ಮನ್ನು ಕಂಪೈಲರ್ ಅನ್‌ಸೈನ್ಡ್ ಆಗಿ ಇಡಬಹುದು, ಆಗ ಚೆಕ್ ಸಾಯುತ್ತದೆ. ಒಂದೊಂದೇ ಡ್ರೈವರ್ ತಿದ್ದುತ್ತಾ ಕೂರುವ ಬದಲು 2019ರಲ್ಲಿ ಎಪಿಐಯನ್ನೇ ಬದಲಿಸಿದರು: ಈಗ ಅದು ಸೊನ್ನೆ ಅಥವಾ ಎರರ್ ಮಾತ್ರ ಕೊಡುತ್ತದೆ, ಮೋಡನ್ನು ಪಾಯಿಂಟರ್ ಮೂಲಕ ಬರೆದುಕೊಡುತ್ತದೆ. 2020ರ 5.10 ಕರ್ನೆಲ್‌ನಲ್ಲಿ ಬಂದ ಯುಎಸ್‌ಬಿ_ಕಂಟ್ರೋಲ್_ಎಂಎಸ್‌ಜಿ_ಆರ್‌ಇಸಿವಿ ಫಂಕ್ಷನ್ ಕೂಡ ಹಾಗೆಯೇ. ಕಡಿಮೆ ಬೈಟ್ ಬಂದರೂ ಅದು ಎರರ್ ಎಂದೇ ಹೇಳುತ್ತದೆ, ಸೈಜ್‌ಆಫ್ ಹೋಲಿಕೆಯ ಅಗತ್ಯವೇ ಬೀಳುವುದಿಲ್ಲ. ಇಸ್_ಎರರ್_ವ್ಯಾಲ್ಯೂ ಮ್ಯಾಕ್ರೋಗೆ 32 ಬಿಟ್ ಅನ್‌ಸೈನ್ಡ್ ಕೊಟ್ಟರೆ 64 ಬಿಟ್ ಯಂತ್ರದಲ್ಲಿ ಅದು ಎಂದೂ ನಿಜವಾಗುತ್ತಿರಲಿಲ್ಲ. 2016ರಲ್ಲಿ ಆರ್ಂಡ್ ಬರ್ಗ್‌ಮನ್ ಅದರ ತಪ್ಪು ಬಳಕೆಗಳನ್ನು ತೆಗೆದರು, ಲೈನಸ್ ಟೋರ್ವಾಲ್ಡ್ಸ್ ಮ್ಯಾಕ್ರೋ ಒಳಗೇ ಪಾಯಿಂಟರ್ ಕಾಸ್ಟ್ ಸೇರಿಸಿದರು. ಈಗ ತಪ್ಪು ಅಗಲದ ಟೈಪ್ ಕೊಟ್ಟರೆ ಕಂಪೈಲರೇ ತಾನಾಗಿ ದೂರುತ್ತದೆ.

ತಿದ್ದುವಾಗ

ವಾರ್ನಿಂಗ್ ಹೋಗಬೇಕಷ್ಟೇ ಎಂದು ಚೆಕ್ಕನ್ನೇ ಅಳಿಸುವ ಪ್ಯಾಚ್‌ಗಳು ಬರುತ್ತಲೇ ಇರುತ್ತವೆ. ‘ಈ ಹೋಲಿಕೆ ಎಂದೂ ನಿಜವಾಗದು, ಹಾಗಾಗಿ ತೆಗೆದಿದ್ದೇನೆ’ ಎಂಬ ವಿವರಣೆ ಕಂಡರೆ ದಯವಿಟ್ಟು ತಡೆಯಿರಿ. ಕರೆದ ಫಂಕ್ಷನ್ ಏನು ಕೊಡುತ್ತದೆ ಎಂದು ಅದರ ಡೆಫಿನಿಷನ್‌ಗೆ ಹೋಗಿ ನೋಡುವ ತನಕ ಏನನ್ನೂ ತೆಗೆಯಬಾರದು. ವೇಟ್_ಫಾರ್_ಕಂಪ್ಲೀಶನ್_ಟೈಮ್‌ಔಟ್ ಆಗಿದ್ದರೆ ಅದು ಅನ್‌ಸೈನ್ಡ್ ಲಾಂಗ್ ಕೊಡುತ್ತದೆ, ಟೈಮ್‌ಔಟ್ ಆದರೆ ಸೊನ್ನೆ, ಋಣ ಎಂದೂ ಬರದು. ಅಲ್ಲಿ ಸೊನ್ನೆಗೆ ಸಮವೇ ಎಂದು ನೋಡುವಂತೆ ಚೆಕ್ ಬದಲಿಸಬೇಕು. ಅದೇ ಹೆಸರಿನ ನಡುವೆ ಇಂಟರಪ್ಟಿಬಲ್ ಎಂಬ ಪದ ಸೇರಿದ್ದರೆ ಅದು ಲಾಂಗ್ ಕೊಡುತ್ತದೆ, ಸಿಗ್ನಲ್ ಬಂದರೆ -512. ಅಲ್ಲಿ ವೇರಿಯಬಲ್‌ನ ಟೈಪ್ ಬದಲಿಸಬೇಕು. ಹೆಸರಿನಲ್ಲಿ ಒಂದು ಪದದ ವ್ಯತ್ಯಾಸ, ತಿದ್ದುಪಡಿ ಪೂರ್ತಿ ಬೇರೆ.

ಸ್ಟ್ರಕ್ಚರ್ ಫೀಲ್ಡ್ ಅನ್‌ಸೈನ್ಡ್ ಆಗಿಯೇ ಉಳಿಯಬೇಕಾದರೆ ಫಂಕ್ಷನ್ ಒಳಗೆ ರೆಟ್ ಎಂಬ ಇಂಟ್ ವೇರಿಯಬಲ್ ಇಟ್ಟು, ಚೆಕ್ ಮುಗಿದ ಮೇಲೆ ಫೀಲ್ಡ್‌ಗೆ ಹಾಕಿ. ಸೈಜ್‌ಆಫ್ ಹೋಲಿಕೆಯಲ್ಲಿ ಮೊದಲು ರೆಟ್ ಋಣವೇ ಎಂದು ನೋಡಿ ಅದನ್ನೇ ಹಿಂದಿರುಗಿಸಿ, ಆಮೇಲೆ ಸೈಜ್ ನೋಡಿ. ಸರಿಯಾಗಿ ಅಷ್ಟೇ ಬೈಟ್ ಬರಬೇಕಾದ ಕಡೆ ‘ಸಮವಲ್ಲವೇ’ ಎಂಬ ಹೋಲಿಕೆ ಬರೆದರೂ ನಡೆಯುತ್ತದೆ, ಅದು ಋಣ ಬೆಲೆಗೂ ಸರಿಯಾಗಿ ಉತ್ತರಿಸುತ್ತದೆ. ಆದರೆ ನಿಜವಾದ ಎರರ್ ಕೋಡ್ ಮೇಲಿನವರಿಗೆ ತಲುಪುವಂತೆ ನೋಡಿಕೊಳ್ಳಿ.

ಪ್ಯಾಚ್‌ನ ವಿವರಣೆಯಲ್ಲಿ ಯಾವ ಟೂಲ್ ಇದನ್ನು ತೋರಿಸಿತು ಎಂದು ಬರೆಯಿರಿ, ತಪ್ಪು ಮೊದಲು ಸೇರಿದ ಕಮಿಟ್ಟನ್ನು ಫಿಕ್ಸಸ್ ಟ್ಯಾಗ್‌ನಲ್ಲಿ ಹ್ಯಾಶ್‌ನ ಮೊದಲ 12 ಅಕ್ಷರಗಳೊಂದಿಗೆ ಕೊಡಿ. ಅದಕ್ಕಿಂತ ಮುಖ್ಯವಾಗಿ, ಚೆಕ್ ಕೆಲಸ ಮಾಡದಿದ್ದಾಗ ಮುಂದಿನ ಯಾವ ಸಾಲಿನಲ್ಲಿ ಏನಾಗುತ್ತಿತ್ತು ಎಂದು ಒಂದು ವಾಕ್ಯದಲ್ಲಿ ಹೇಳಿ. ಪ್ರೋಬ್ ಮತ್ತೆ ಆಗುತ್ತಿರಲಿಲ್ಲವೋ, ಕಸದ ಬಫರ್ ಯೂಸರ್‌ಗೆ ಹೋಗುತ್ತಿತ್ತೋ ಎಂಬುದನ್ನು ನೋಡಿಯೇ ಸ್ಟೇಬಲ್ ಕರ್ನೆಲ್‌ಗಳಿಗೆ (ಆಗಲೇ ಬಿಡುಗಡೆಯಾಗಿ ತಿದ್ದುಪಡಿ ಮಾತ್ರ ಪಡೆಯುವ ಆವೃತ್ತಿಗಳಿಗೆ) ಈ ಪ್ಯಾಚ್ ಬೇಕೋ ಬೇಡವೋ ಎಂದು ಮೇಂಟೇನರ್ ತೀರ್ಮಾನಿಸುವುದು.